‘ಬಲೂನ್ ನೋಡಬ್ಯಾಡ, ಕಡ್ಡಿ ನೋಡು’: ವಾಡಿ ಹುಡುಗನ ಬಂದೂಕಿನ ಹುಚ್ಚು

 

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡ್ತೀನಿ. ನನಗೆ ಬಂದೂಕು ಅಂದರೆ ಇಷ್ಟ. ಐದಾರು ವರ್ಷದವನಿದ್ದಾಗಿನಿಂದ ಇಷ್ಟ, ಈಗ ನಲವತ್ತರ ಹತ್ತಿರ ಬಂದರೂ ಇಷ್ಟ. ಬೇರೆ ಕಡೆ ಇದನ್ನ ಹೇಳಿದರೆ ‘ಓ, ಶೂಟಿಂಗ್ ಸ್ಪೋರ್ಟ್ಸಾ?’ ಅಂತ ಕೇಳ್ತಾರೆ. ನಮ್ಮ ಕಡೆ ಹೇಳಿದರೆ ಒಂದು ಕ್ಷಣ ಸುಮ್ಮನಾಗಿ, ಆಮೇಲೆ ಮೆಲ್ಲಗೆ, ‘ಯಾರ ಮ್ಯಾಲ ಸಿಟ್ಟದ ರಿ?’ ಅಂತಾರೆ. ಭೀಮಾ ತೀರದ ಹೆಸರು ಸಿನಿಮಾದಿಂದ, ಪೇಪರ್‌ನಿಂದ ಅಷ್ಟು ದೂರ ಹೋಗಿದೆ. ಕಲಬುರಗಿ ಜಿಲ್ಲೆಯವನು ‘ಪಿಸ್ತೂಲು’ ಅಂದರೆ ಕೇಳಿದವರ ತಲೆಗೆ ಬರೋದು ಕಂಟ್ರಿ ಪಿಸ್ತೂಲೇ, ಒಲಿಂಪಿಕ್ಸ್ ಅಲ್ಲ.

ಹಾಗಾಗಿ ಲೆಕ್ಕ ಮೊದಲೇ ಕೊಡ್ತೀನಿ. ನನ್ನ ಹತ್ತಿರ ಲೈಸೆನ್ಸ್ ಬೇಕಾಗುವ ಬಂದೂಕು ಒಂದೂ ಇಲ್ಲ. ಇರೋದು ಒಂದು ಏರ್ ರೈಫಲ್. ನಮ್ಮ ಭಾಷೆಯಲ್ಲಿ ಛರ್ರಾ ಬಂದೂಕು. ಕೆಲಸ ಸೇಡಂನಲ್ಲಿ ಮೊಬೈಲ್ ರಿಪೇರಿ. ಸಂಡೇ ಮುಂಜಾನೆ ಮಾಳಿಗೆ ಮೇಲೆ 60 ಛರ್ರಾ ಹೊಡೆಯೋದು. ಇಷ್ಟೇ ನನ್ನ ‘ಗನ್ ಲೈಫ್’.

ಶುರುವಾಗಿದ್ದು ವಾಡಿಯಲ್ಲಿ. ಅಪ್ಪ ಸಿಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದರು. ವಾಡಿ, ಶಹಾಬಾದ, ಮಳಖೇಡ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ: ಮೊದಲು ಭೋಂಗಾ ಕೂಗುತ್ತೆ, ಆಮೇಲೆ ಸುಣ್ಣದ ಕಲ್ಲಿನ ಗಣಿಯಲ್ಲಿ ಬ್ಲಾಸ್ಟಿಂಗ್ ಆಗುತ್ತೆ. ಭೋಂಗಾಕ್ಕೂ ಧಡ್ ಅನ್ನೋದಕ್ಕೂ ನಡುವೆ ಒಂದು ಸಣ್ಣ ಖಾಲಿ ಜಾಗ ಇರುತ್ತಲ್ಲ, ಆಗ ಅಂಗಳದಲ್ಲಿ ಆಡುತ್ತಿದ್ದ ನಾವೆಲ್ಲ ನಿಂತುಬಿಡುತ್ತಿದ್ದೆವು. ಉಳಿದ ಹುಡುಗರಿಗೆ ಧಡ್ ಅನ್ನೋ ಸಪ್ಪಳದ ಖುಷಿ. ನನಗೆ ಆ ಮೊದಲಿನ ಸುಮ್ಮನಿರೋ ಹೊತ್ತೇ ಖುಷಿ. ಯಾಕೆ ಅಂತ ಆಗ ಗೊತ್ತಿರಲಿಲ್ಲ.

ಹೋಳಿ ಆದಮೇಲೆ ಶರಣಬಸವೇಶ್ವರ ಜಾತ್ರೆ. ಕಲಬುರಗಿ ಆಗ ಇನ್ನೂ ಗುಲ್ಬರ್ಗಾ. ವಾಡಿಯಿಂದ ಪ್ಯಾಸೆಂಜರ್ ಗಾಡಿ ಹತ್ತಿ, ಶಹಾಬಾದದಲ್ಲಿ ಮಾವನ ಮನೆಯವರನ್ನೂ ಕೂಡಿಸಿಕೊಂಡು ಹೋಗೋದು. ಎಲ್ಲರೂ ತೊಟ್ಟಿಲು, ಮಿಠಾಯಿ ಅಂತ ಓಡಿದರೆ ನಾನು ಬಲೂನ್ ಅಂಗಡಿ ಮುಂದೆ. ಹಲಗೆಗೆ ಸಾಲಾಗಿ ಬಲೂನ್ ಕಟ್ಟಿರುತ್ತೆ, ಅಂಗಡಿಯವನು ನಳಿಗೆ ಮಡಚಿ, ಛರ್ರಾ ಇಟ್ಟು, ಟಕ್ ಅಂತ ಮುಚ್ಚಿ ಕೈಗೆ ಕೊಡ್ತಾನೆ. ನನ್ನ ಕೈಗೆ ಅದು ಎಷ್ಟು ಭಾರ ಇತ್ತೆಂದರೆ ಅವನೇ ಮುಂದಿನ ತುದಿ ಹಿಡಿದುಕೊಂಡಿದ್ದ. ಮೊದಲ ವರ್ಷ ಹತ್ತಕ್ಕೆ ಹತ್ತೂ ತಪ್ಪಿದವು. ಎರಡನೇ ವರ್ಷವೂ ಅದೇ. ಬಾಯಿ ತುಂಬ ಎಲೆ ಅಡಿಕೆ ಹಾಕ್ಕೊಂಡಿದ್ದ ಆ ಮನುಷ್ಯ, ನನ್ನ ಮುಖ ನೋಡಿ ಪಾಪ ಅನ್ನಿಸಿತೇನೋ, ಕಿವಿ ಹತ್ತಿರ ಬಂದು ಹೇಳಿದ: ‘ಬಲೂನ್ ನೋಡಬ್ಯಾಡ ಮಗಾ. ನಳಿಗಿ ತುದಿ ಮ್ಯಾಲಿನ ಕಡ್ಡಿ ನೋಡು. ಬಲೂನ್ ಮಸುಕಾಗಿ ಕಂಡ್ರ ಕಾಣಲಿ.’

ಹೊಡೆದೆ. ಒಡೀತು.

ಮುಂದೆ ಹದಿನೈದು ವರ್ಷ ಆದಮೇಲೆ ಹೈದರಾಬಾದಿನ ಒಂದು ರೇಂಜ್‌ನಲ್ಲಿ, ತಾಸಿಗೆ ಇಷ್ಟು ಅಂತ ದುಡ್ಡು ಕೊಟ್ಟಾಗ, ಕೋಚ್ ಪಿಸ್ತೂಲು ಹಿಡಿದವರಿಗೆ ಹೇಳಿಕೊಡುತ್ತಿದ್ದದ್ದು ಇದನ್ನೇ. ಕಣ್ಣಿಗೆ ಒಂದೇ ಸಲ ಹತ್ತಿರದ್ದೂ ದೂರದ್ದೂ ಎರಡೂ ಚೊಕ್ಕ ಕಾಣಿಸೋದಿಲ್ಲ. ಗುರಿ ನೋಡಿದರೆ ಕಡ್ಡಿ ಅಲುಗಿದ್ದು ಗೊತ್ತಾಗೋದಿಲ್ಲ. ಕಡ್ಡಿ ಅಲುಗಿದ್ದು ಕೂದಲೆಳೆಯಷ್ಟಾದರೂ ಅಲ್ಲಿ, ಹತ್ತು ಮೀಟರ್ ಆಚೆ, ಮಿಲಿಮೀಟರ್ ಲೆಕ್ಕದಲ್ಲಿ ತಪ್ಪುತ್ತೆ. ಅಂದಹಾಗೆ ಜಾತ್ರೆ ಬಂದೂಕಿನ ಸೈಟ್ ಬೇಕಂತಲೇ ಸ್ವಲ್ಪ ಒಂದು ಕಡೆ ಸರಿಸಿರ್ತಾರೆ ಅಂತ ನನಗೆ ಇವತ್ತಿಗೂ ಅನುಮಾನ. ನಮ್ಮವನದು ಎಡಕ್ಕೆ ಹೋಗ್ತಿತ್ತು. ಬಲಕ್ಕೆ ಹಿಡಿದು ಹೊಡೆಯೋದನ್ನ ನಾನೇ ಕಲಿತೆ.

ಮನೆಯಲ್ಲಿ ಎಲ್ಲರಿಗೂ ಇದು ತಮಾಷೆ, ಒಬ್ಬರನ್ನ ಬಿಟ್ಟು. ಅವ್ವನ ತವರು ಚಿಂಚೋಳಿ ಕಡೆ. ಅಲ್ಲಿನ ಮುತ್ತ್ಯಾ, ಅಂದರೆ ಅವ್ವನ ಅಪ್ಪ, ನನ್ನ ಕೈಯಲ್ಲಿದ್ದ ಪ್ಲಾಸ್ಟಿಕ್ ಪಿಸ್ತೂಲು ಕಸಿದುಕೊಂಡು ಮಾಳಿಗೆ ಮೇಲೆ ಎಸೆದಿದ್ದರು. ಅವರ ಬಾಲ್ಯ ನಿಜಾಮನ ರಾಜ್ಯದಲ್ಲಿ. 1948ರಲ್ಲಿ ಅವರು ಹತ್ತು ಹನ್ನೆರಡು ವರ್ಷದ ಹುಡುಗ. ರಜಾಕಾರರ ಗದ್ದಲ, ಆಮೇಲೆ ಸೆಪ್ಟೆಂಬರ್‌ನಲ್ಲಿ ಪೊಲೀಸ್ ಆ್ಯಕ್ಷನ್, ಅದಾದಮೇಲಿನ ಗದ್ದಲ. ಎರಡೂ ಕಡೆಯ ಹೆದರಿಕೆ ನೋಡಿದವರು. ರಾತ್ರಿ ಗುಂಡಿನ ಸಪ್ಪಳ ಕೇಳಿದರೆ ಮನೆಮಂದಿಯೆಲ್ಲ ತೊಗರಿ ಹೊಲದಲ್ಲಿ ಹೋಗಿ ಮಲಗುತ್ತಿದ್ದರಂತೆ. ‘ಬಂದೂಕಿನ ಸಪ್ಪಳಕ್ಕ ಹಕ್ಕಿ ಹಾರ್ತಾವ, ಮನಷ್ಯಾ ಅಡಗ್ತಾನ. ಅದರಾಗ ಆಟ ಏನದನೋ?’ ಅಂತ ಕೇಳಿದ್ದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸೆಪ್ಟೆಂಬರ್ 17ಕ್ಕೆ ಈಗ ಕಲ್ಯಾಣ ಕರ್ನಾಟಕ ಉತ್ಸವ ಅಂತ ಧ್ವಜ ಹಾರಿಸ್ತೀವಲ್ಲ, ನನಗೆ ಆ ದಿನ ತೊಗರಿ ಹೊಲ ನೆನಪಾಗುತ್ತೆ.

ಕೊಡಗಿನವರ ಬಾಲ್ಯ ಬೇರೆ. ಅಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ ಮನೆ ಬಂದೂಕಿಗೆ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಬ್ರಿಟಿಷರ ಕಾಲದಿಂದ ಬಂದ ಲೈಸೆನ್ಸ್ ವಿನಾಯಿತಿ ಅವರಿಗೆ 2029ರ ತನಕ ಇದೆ. ಬಂದೂಕು ಅಲ್ಲಿ ಮನೆದೇವರ ಜೊತೆ ಇರೋ ವಸ್ತು. ನಮ್ಮ ಕಡೆ ಅದು ಯಾರೋ ತಂದು ನಮ್ಮ ಮೇಲೆ ಹಿಡಿದದ್ದು. ಕಲಬುರಗಿ ಕೋಟೆಯಲ್ಲಿ 29 ಅಡಿ ಉದ್ದದ ತೋಪು ಇದೆ ಅಂತ ಹೆಮ್ಮೆಯಿಂದ ತೋರಿಸ್ತೀವಿ, ಖರೆ. ಆದರೆ ಅದು ಸುಲ್ತಾನರದು, ನಮ್ಮ ಮನೆಯದಲ್ಲ.

ಈಗ ಹೇಳಬೇಕಾದ್ದು ಹೇಳ್ತೀನಿ. ಇದನ್ನ ಹೇಳೋಕೆ ಅಂತಲೇ ಈ ಮಾತಿಗೆ ಒಪ್ಪಿದ್ದು.

1999ರ ಬ್ಯಾಸಗಿ ರಜೆ. ನನಗೆ ಹದಿಮೂರು. ಶಹಾಬಾದದ ಮಾವನ ಹತ್ತಿರ ಒಂದು ಹಳೇ ಛರ್ರಾ ಬಂದೂಕಿತ್ತು, ಅಟ್ಟದ ಮೇಲೆ. ಮಧ್ಯಾಹ್ನ ದೊಡ್ಡವರೆಲ್ಲ ಮಲಗಿದಾಗ ನಾನೂ ಮಾವನ ಮಗನೂ ಇಳಿಸಿಕೊಂಡು ಹಿತ್ತಲಿಗೆ ಹೋದೆವು. ಅವನು ನನಗಿಂತ ಎರಡು ವರ್ಷ ಸಣ್ಣವ. ಹಿತ್ತಲಲ್ಲಿ ಫರಸಿ ಕಲ್ಲು ಒಂದರ ಮೇಲೊಂದು ಒಟ್ಟಿದ್ದರು. ಶಹಾಬಾದದಲ್ಲಿ ಯಾರ ಹಿತ್ತಲಲ್ಲಿ ಇರೋದಿಲ್ಲ ಹೇಳಿ. ಅದರ ಮುಂದೆ ಒಂದು ಔಷಧದ ಖಾಲಿ ಡಬ್ಬಿ ಇಟ್ಟೆವು. ನಾನು ಹೊಡೆಯೋದು, ಅವನು ಬಿದ್ದ ಡಬ್ಬಿ ಮತ್ತೆ ನಿಲ್ಲಿಸೋದು. ನಾನು ಹುಷಾರಿದ್ದೆ ಅಂತಲೇ ತಿಳಿದಿದ್ದೆ. ಅವನನ್ನ ನನ್ನ ಪಕ್ಕಕ್ಕೆ ಕರೆದು, ನಿಲ್ಲಿಸಿಕೊಂಡೇ ಹೊಡೆಯುತ್ತಿದ್ದೆ. ಮುಂದೆ ಯಾರೂ ಇಲ್ಲ ಅಂದಮೇಲೆ ಏನು ಆಗ್ತದ?

ಐದನೆಯದೋ ಆರನೆಯದೋ ತಪ್ಪಿತು. ಡಬ್ಬಿಗೆ ಬೀಳದೆ ಕಲ್ಲಿಗೆ ಬಿತ್ತು. ಕಲ್ಲಿನಿಂದ ವಾಪಸ್ ಬಂತು. ಅವನು ‘ಯಪ್ಪಾ’ ಅಂತ ಕೂತುಬಿಟ್ಟ. ಬಲಗಣ್ಣಿನ ಕೆಳಗೆ, ಅರ್ಧ ಇಂಚು ಕೆಳಗೆ ಅಷ್ಟೇ, ತೂತು. ರಕ್ತ ಕೈ ತುಂಬ.

ಛರ್ರಾ ಸೀಸದ್ದು, ಮೆತ್ತಗಿರುತ್ತೆ, ಕಲ್ಲಿಗೆ ಬಡಿದರೆ ಚಪ್ಪಟೆಯಾಗಿ ಅಲ್ಲೇ ಬೀಳುತ್ತೆ ಅಂತ ನಾನು ಅಂದುಕೊಂಡಿದ್ದೆ. ಕೆಲವು ಸಲ ಬೀಳುತ್ತೆ. ಕೆಲವು ಸಲ ಬಂದ ದಾರಿಗೇ ತಿರುಗುತ್ತೆ. ಫರಸಿಯಂಥ ನುಣುಪು, ಗಟ್ಟಿ ಮುಖದ ಕಲ್ಲು ಇದಕ್ಕೆ ಎಲ್ಲಕ್ಕಿಂತ ಕೆಟ್ಟದ್ದು. ಗುರಿಯ ಮುಂದೆ ಯಾರಿದ್ದಾರೆ ನೋಡಿದರೆ ಸಾಲದು, ಹಿಂದೆ ಏನಿದೆ ನೋಡಬೇಕು. ಇದನ್ನ ನನಗೆ ಯಾರೂ ಹೇಳಿರಲಿಲ್ಲ. ನಾನು ಯಾರನ್ನೂ ಕೇಳಿರಲೂ ಇಲ್ಲ, ಕದ್ದು ಇಳಿಸಿದ್ದೆ.

ಗುಲ್ಬರ್ಗಾಕ್ಕೆ ಕರೆದೊಯ್ದರು. ಮೂರು ದಿನ ಕಣ್ಣು ತೆರೆಯಲಿಲ್ಲ, ಊದಿಕೊಂಡಿತ್ತು. ಆ ಮೂರು ದಿನ ಕಣ್ಣಿದೆಯೋ ಹೋಯ್ತೋ ಅಂತ ಯಾರಿಗೂ ಗೊತ್ತಿರಲಿಲ್ಲ. ನಾಲ್ಕನೇ ದಿನ ತೆರೆದ, ಕಂಡಿತು. ಮಾವ ನನಗೆ ಒಂದೇ ಒಂದು ಏಟು ಹೊಡೆಯಲಿಲ್ಲ. ಅಪ್ಪನೂ ಹೊಡೆಯಲಿಲ್ಲ. ಹೊಡೆದಿದ್ದರೆ ಹಗುರಾಗುತ್ತಿತ್ತು. ಬಂದೂಕನ್ನು ಮಾವ ಗಾಡಿಯ ಕಬ್ಬಿಣದ ಜೊತೆ ಗುಜರಿಗೆ ಕೊಟ್ಟರು ಅಂತ ಆಮೇಲೆ ಕೇಳಿದೆ. ಅವನ ಕೆನ್ನೆ ಮೇಲೆ ಗುರುತು ಇವತ್ತಿಗೂ ಇದೆ, ಗುಂಡಿ ಬಿದ್ದಂತೆ. ವಿಡಿಯೊ ಕಾಲ್ ಬಂದರೆ ನನ್ನ ಕಣ್ಣು ಮೊದಲು ಹೋಗೋದು ಅಲ್ಲಿಗೇ.

ಇಷ್ಟಾದ ಮೇಲೂ ಹುಚ್ಚು ಹೋಗಲಿಲ್ಲ ಅಂತ ಹೇಳೋಕೆ ನಾಚಿಕೆ ಆಗುತ್ತೆ, ಆದರೆ ಹೋಗಲಿಲ್ಲ. ಐದು ವರ್ಷ ಮುಟ್ಟಲಿಲ್ಲ ಅಷ್ಟೇ. ಜಾತ್ರೆಯಲ್ಲಿ ಬಲೂನ್ ಅಂಗಡಿ ಬಂದರೆ ಆ ಕಡೆ ದಾಟಿ ಹೋಗ್ತಿದ್ದೆ.

ಮತ್ತೆ ಹಿಡಿದದ್ದು ಕಾಲೇಜಿನಲ್ಲಿ, ಎನ್‌ಸಿಸಿಯಿಂದ. ಪಾಯಿಂಟ್ ಟೂ ಟೂ ರೈಫಲ್, ಹೊಟ್ಟೆ ಮೇಲೆ ಮಲಗಿ, 25 ಮೀಟರ್, ಐದು ರೌಂಡು. ಫೌಜಿನಿಂದ ಬಂದಿದ್ದ ಹವಾಲ್ದಾರ್ ಸಾಹೇಬರು ಗುಂಡು ಕೊಡೋ ಮೊದಲು ಎರಡು ತಾಸು ಬರೀ ‘ಏನು ಮಾಡಬಾರದು’ ಅಂತಲೇ ಹೇಳಿದರು. ಹುಡುಗರೆಲ್ಲ ಬೇಸತ್ತು ಆಕಳಿಸುತ್ತಿದ್ದರು. ನಾನು ಒಂದೊಂದು ಮಾತೂ ಬರೆದುಕೊಂಡೆ. ಖಾಲಿ ಇದ್ದರೂ ತುಂಬಿದೆ ಅಂತಲೇ ತಿಳಿ. ನಳಿಗೆ ಯಾರ ಕಡೆಗೂ ತಿರುಗಬಾರದು. ಹೊಡೆಯೋ ತನಕ ಬೆರಳು ಟ್ರಿಗರ್ ಒಳಗೆ ಹೋಗಬಾರದು. ರೇಂಜ್‌ನ ಹಿಂದೆ ಎತ್ತರದ ಮಣ್ಣಿನ ದಿಬ್ಬ ಇತ್ತು. ಅದನ್ನ ನೋಡಿ ನನಗೆ ಗಂಟಲು ಕಟ್ಟಿತು. ಇಷ್ಟೇ ಬೇಕಿತ್ತು ಆವತ್ತು, ಒಂದು ಬುಟ್ಟಿ ಮಣ್ಣು.

ಐದೂ ಗುಂಡು ಒಂದು ಎಂಟಾಣೆ ನಾಣ್ಯದಲ್ಲಿ ಮುಚ್ಚುವಷ್ಟು ಹತ್ತಿರ ಬಿದ್ದವು. ಇದಕ್ಕೆ ಗ್ರೂಪಿಂಗ್ ಅಂತಾರೆ. ಮಧ್ಯಕ್ಕೆ ಬೀಳದಿದ್ದರೂ ಪರವಾಗಿಲ್ಲ, ಒಂದೇ ಕಡೆ ಬೀಳಬೇಕು. ಒಂದೇ ಕಡೆ ಬಿದ್ದರೆ ಸೈಟ್ ತಿರುಗಿಸಿ ಮಧ್ಯಕ್ಕೆ ತರಬಹುದು, ಚೆಲ್ಲಾಪಿಲ್ಲಿ ಬಿದ್ದರೆ ಯಾವ ಸ್ಕ್ರೂ ತಿರುಗಿಸಿದರೂ ಆಗೋದಿಲ್ಲ. ದಿಲ್ಲಿಯ ಥಲ್ ಸೈನಿಕ್ ಕ್ಯಾಂಪ್‌ಗೆ ಹೋಗೋ ಆಯ್ಕೆಯಲ್ಲಿ ನಾಲ್ಕು ಚೆನ್ನಾಗಿ ಹೊಡೆದು ಐದನೆಯದರಲ್ಲಿ ಅವಸರ ಮಾಡಿದೆ. ಅಲ್ಲಿಗೆ ಮುಗೀತು. ಇವತ್ತಿಗೂ ಆ ಐದನೆಯದು ಕನಸಲ್ಲಿ ಬರುತ್ತೆ ರಿ.

2008ರ ಆಗಸ್ಟ್ 11, ಸೋಮವಾರ. ಅಂಗಡಿ ಆಗಷ್ಟೇ ಹಾಕಿದ್ದೆ. ಟಿವಿಯಲ್ಲಿ ಬೀಜಿಂಗ್. ಕೊನೇ ಗುಂಡಿನ ಮೊದಲು ಅಭಿನವ್ ಬಿಂದ್ರಾ ಮತ್ತು ಫಿನ್‌ಲೆಂಡ್‌ನ ಹೆನ್ರಿ ಹಕ್ಕಿನೆನ್ ಇಬ್ಬರೂ ಸಮ. ಬಿಂದ್ರಾ 10.8. ಹಕ್ಕಿನೆನ್ 9.7, ಒಂದೇ ಗುಂಡಿಗೆ ಚಿನ್ನದಿಂದ ಕಂಚಿಗೆ ಜಾರಿದ. ಎಲ್ಲರೂ ಬಿಂದ್ರಾ ಬಿಂದ್ರಾ ಅಂತ ಕುಣಿದರು, ನಾನೂ ಕುಣಿದೆ. ಆದರೆ ನನಗೆ ಹಕ್ಕಿನೆನ್ ಮುಖ ಮರೆಯೋಕೆ ಆಗಿಲ್ಲ. ಐದನೇ ಗುಂಡು ತಪ್ಪಿಸಿಕೊಂಡವನಿಗೆ ಅದು ಗೊತ್ತಾಗುತ್ತೆ.

ನೋಡದವರಿಗೆ ಈ ಆಟ ಎಷ್ಟು ಸಣ್ಣದು ಅಂತ ಹೇಳ್ತೀನಿ. ಹತ್ತು ಮೀಟರ್ ದೂರ. ಏರ್ ರೈಫಲ್ ಗುರಿಯ ನಟ್ಟನಡುವಿನ ‘ಹತ್ತು’ ಅನ್ನೋ ಚುಕ್ಕೆ ಅರ್ಧ ಮಿಲಿಮೀಟರ್. ಪೆನ್ನಿನ ತುದಿ ಒತ್ತಿದಷ್ಟು. ಛರ್ರಾನೇ ನಾಲ್ಕೂವರೆ ಮಿಲಿಮೀಟರ್, ಅಂದರೆ ಗುರಿಗಿಂತ ಗುಂಡು ಒಂಬತ್ತು ಪಟ್ಟು ದೊಡ್ಡದು. 75 ನಿಮಿಷದಲ್ಲಿ 60 ಗುಂಡು. ಒಂದಕ್ಕೆ ಹೆಚ್ಚೆಂದರೆ 10.9, ಒಟ್ಟು 654. ಪ್ಯಾರಿಸ್‌ನಲ್ಲಿ ಅರ್ಜುನ್ ಬಬುತಾ 630.1 ಹೊಡೆದು ಏಳನೆಯವನಾಗಿ ಫೈನಲ್ ಸೇರಿದ, ಅಲ್ಲಿ ನಾಲ್ಕನೇ ಸ್ಥಾನ. ನನ್ನ ಬೆಸ್ಟ್ 571.4. ನಗಬೇಡಿ.

ಎದೆ ಬಡಿದರೂ ನಳಿಗೆ ಅಲುಗುತ್ತೆ. ಉಸಿರು ತಗೊಂಡು, ಅರ್ಧ ಬಿಟ್ಟು, ನಿಲ್ಲಿಸಿ, ಬೆರಳನ್ನು ಮೆಲ್ಲಗೆ ಹಿಂದಕ್ಕೆ ತರಬೇಕು. ಏಳೆಂಟು ಸೆಕೆಂಡಿನಲ್ಲಿ ಆಗದಿದ್ದರೆ ಕೆಳಗಿಳಿಸಿ ಮತ್ತೆ ಶುರು ಮಾಡಬೇಕು. ಕೆಳಗಿಳಿಸೋದೇ ಕಷ್ಟ. ಅಂಗಡಿಯಲ್ಲಿ ಮೈಕ್ರೋಸ್ಕೋಪ್ ಕೆಳಗೆ ಬೋರ್ಡಿನ ಮೇಲೆ ಸಾಸಿವೆಗಿಂತ ಸಣ್ಣ ಐಸಿ ಬೆಸುಗೆ ಹಾಕುವಾಗ ನಾನು ಮಾಡೋದೂ ಇದನ್ನೇ. ಉಸಿರು ಅರ್ಧ ಬಿಟ್ಟು ಮುಟ್ಟಿಸು, ಕೈ ನಡುಗಿದರೆ ತೆಗಿ. ಗಿರಾಕಿಗಳು ‘ಯಾಕ್ರಿ ಮಾತಾಡವಲ್ಲಿರಿ’ ಅಂತಾರೆ.

ನಮ್ಮ ರಾಜ್ಯದ ಇಬ್ಬರ ಹೆಸರು ಹೇಳ್ತೀನಿ, ಹುಡುಕಿ ನೋಡಿ. ಬೆಂಗಳೂರಿನ ಪ್ರಕಾಶ್ ನಂಜಪ್ಪ. 2013ರಲ್ಲಿ ಸ್ಪೇನ್‌ನಲ್ಲಿ ವಿಶ್ವಕಪ್‌ಗೆ ಹೋದಾಗ ಮುಖದ ಒಂದು ಕಡೆ ಲಕ್ವ ಹೊಡೀತು. ಕಣ್ಣು, ಕೆನ್ನೆ ಮಾತು ಕೇಳದಿದ್ದರೆ ಶೂಟರ್ ಏನು ಮಾಡಬೇಕು? ವಾಪಸ್ ಬಂದು, 2014ರ ಗ್ಲಾಸ್ಗೋ ಕಾಮನ್‌ವೆಲ್ತ್‌ನಲ್ಲಿ ಏರ್ ಪಿಸ್ತೂಲ್‌ನಲ್ಲಿ ಬೆಳ್ಳಿ ಗೆದ್ದರು. ಇನ್ನೊಬ್ಬರು ದಿವ್ಯಾ ಟಿ.ಎಸ್., 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಸರಬ್ಜೋತ್ ಸಿಂಗ್ ಜೊತೆ ಮಿಶ್ರ ತಂಡದ ಬೆಳ್ಳಿ.

ವಾಡಿ ಹುಡುಗರಿಗೆ ಮಾತ್ರ ನಾನು ಹೇಳೋ ಹೆಸರು ಬೇರೆ. ಕೊಲ್ಹಾಪುರ ಕಡೆಯ ಸ್ವಪ್ನಿಲ್ ಕುಸಾಳೆ, 2024ರ ಪ್ಯಾರಿಸ್‌ನಲ್ಲಿ 50 ಮೀಟರ್ ತ್ರೀ ಪೊಸಿಷನ್ ಕಂಚು. ಆಗ ಕೆಲಸ ಸೆಂಟ್ರಲ್ ರೈಲ್ವೆಯಲ್ಲಿ ಟಿಸಿ. ನಮ್ಮ ವಾಡಿ ಜಂಕ್ಷನ್ ಯಾವ ರೈಲ್ವೆ ಹೇಳಿ? ಸೆಂಟ್ರಲ್, ಸೋಲಾಪುರ ಡಿವಿಜನ್. ನಮ್ಮದೇ ಇಲಾಖೆಯ ಮನುಷ್ಯ!

ಸರಿ, ‘ಅಣ್ಣಾ, ನನಗೂ ಒಂದು ಬೇಕು’ ಅನ್ನೋರಿಗೆ. 4.5 ಮಿಲಿಮೀಟರ್, 20 ಜೂಲ್ ಒಳಗಿನ ಏರ್ ಗನ್‌ಗೆ ಲೈಸೆನ್ಸ್ ಬೇಕಾಗಿಲ್ಲ. ಹಾಗಂತ ಆಟಿಗೆ ಅಲ್ಲ, ಕೆನ್ನೆ ಕಥೆ ಹೇಳಿದೆನಲ್ಲ. ನನ್ನ ಮಾಳಿಗೆ ಮೇಲೆ ಕಟ್ಟಿಗೆ ಪೆಟ್ಟಿಗೆ ತುಂಬ ಉಸುಕು, ಅದರ ಹಿಂದೆ ಹಳೇ ಗಾದಿ, ಅದರ ಹಿಂದೆ ಗೋಡೆ. ನೆಲ ಶಹಾಬಾದ ಕಲ್ಲಿನದು, ಅದಕ್ಕೆ ಪೆಟ್ಟಿಗೆ ಮುಂದೆ ಗೋಣಿಚೀಲ ಹಾಸಿರ್ತೀನಿ. ಹೊಡೆಯೋರಿಗೂ ನೋಡೋರಿಗೂ ಕನ್ನಡಕ ಕಡ್ಡಾಯ. ನನ್ನ ಮಗಳು ತೂತು ಎಣಿಸೋಕೆ ಬರ್ತಾಳೆ, ಅವಳದು ಗುಲಾಬಿ ಬಣ್ಣದ್ದು. ಹೊಡೆದ ಮೇಲೆ ಸೋಪು ಹಚ್ಚಿ ಕೈ ತೊಳಿಬೇಕು, ಸೀಸ ಅದು.

ಮದುವೆ ಸೀಸನ್‌ನಲ್ಲಿ ಯಾರಾದರೂ ಬಂದೇ ಬರ್ತಾರೆ, ‘ಮೆರವಣಿಗಿಗೆ ತಗೊಂಡ್ ಬಾ, ಎರಡು ಹಾರಿಸೋಣು’ ಅಂತ. ಮೊದಲನೆಯದು, ಇದು ಢಂ ಅನ್ನೋದಿಲ್ಲ, ಫಟ್ ಅನ್ನುತ್ತೆ, ಮರ್ಯಾದೆ ಹೋಗುತ್ತೆ. ಎರಡನೆಯದು, ಖುಷಿಗೆ ಅಂತ ಬಂದೂಕು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ 2019ರ ತಿದ್ದುಪಡಿ ಪ್ರಕಾರ ಎರಡು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ. ಮೇಲಕ್ಕೆ ಹೋದ ಗುಂಡು ಮೇಲೇ ಇರೋದಿಲ್ಲವಲ್ಲ.

ಹೋದ ವರ್ಷ ಒಬ್ಬ ಹುಡುಗ ಡಿಸ್‌ಪ್ಲೇ ಒಡೆದ ಫೋನ್ ತಂದಿದ್ದ. ಹಾಕಿ ಆನ್ ಮಾಡಿದೆ, ಸ್ಕ್ರೀನ್ ಮೇಲೆ ಅವನದೇ ಫೋಟೊ: ಒಂದು ಕೈಯಲ್ಲಿ ಛರ್ರಾ ಬಂದೂಕು, ಇನ್ನೊಂದರಲ್ಲಿ ಸತ್ತ ಗೌಜಲಕ್ಕಿ. ‘ಎಲ್ಲೋ ಇದು?’ ಅಂದೆ. ‘ಚಿಂಚೋಳಿ ಕಡಿ ಅಣ್ಣಾ, ಮಸ್ತ್ ಬಿತ್ತು.’ ಅಲ್ಲಿ 2011ರಿಂದ ವನ್ಯಜೀವಿಧಾಮ ಇದೆ, ದಕ್ಷಿಣ ಭಾರತದಲ್ಲೇ ಒಣ ಭೂಮಿಯ ಮೊದಲ ಅಭಯಾರಣ್ಯ ಅಂತ ಹೆಸರು. ಅಲ್ಲೇ ಅಲ್ಲ, ನಿನ್ನ ಹೊಲದಲ್ಲಿ ಹೊಡೆದರೂ 1972ರ ಕಾಯ್ದೆಯಲ್ಲಿ ಅಪರಾಧ, ಛರ್ರಾ ಆದರೇನು ಗುಂಡಾದರೇನು ಅಂತ ಹೇಳಿದೆ. ಅವನ ಮುಖ ಸಣ್ಣದಾಯ್ತು. ಸಂಡೇ ಮಾಳಿಗೆಗೆ ಬಾ ಅಂದೆ. ಎರಡು ವಾರ ಬಂದ. ಹಕ್ಕಿ ಹೊಡೆದವನಿಗೆ ಕಾಗದದ ಮೇಲೆ ಹತ್ತಕ್ಕೆ ನಾಲ್ಕು ಸಿಗಲಿಲ್ಲ, ಸಿಟ್ಟು ಬಂತು. ಮೂರನೇ ವಾರ ಬರಲಿಲ್ಲ. ಈಗ ಪುಣೆಯಲ್ಲಿ ಕೆಲಸಕ್ಕಿದ್ದಾನಂತೆ. ಫೋಟೊ ಡಿಲೀಟ್ ಮಾಡಿದನೋ ಇಲ್ಲವೋ.

ಎರಡು ಮೂರು ತಿಂಗಳಿಗೊಮ್ಮೆ ತಾಂಡೂರ, ವಿಕಾರಾಬಾದ್ ದಾಟಿ ಹೈದರಾಬಾದಿಗೆ ಹೋಗ್ತೀನಿ, ಎಲೆಕ್ಟ್ರಾನಿಕ್ ಟಾರ್ಗೆಟ್ ಮೇಲೆ ಹೊಡೆಯೋಕೆ. ಹೋಗಿ ಬರೋ ಖರ್ಚು, ರೇಂಜ್ ಫೀ, ಒಂದು ದಿನದ ಅಂಗಡಿ ಬಂದ್. ಹೆಂಡತಿ ಲೆಕ್ಕ ಇಟ್ಟಿದ್ದಾಳೆ, ನಾನು ನೋಡಿಲ್ಲ. ಕ್ರಿಕೆಟ್ ಕಿಟ್ ಇಲ್ಲದ ತಾಲೂಕು ಇಲ್ಲ, ಹತ್ತು ಮೀಟರ್ ಉದ್ದದ ಖಾಲಿ ಕೋಣೆಯೂ ಎಲ್ಲ ಶಾಲೆಯಲ್ಲಿದೆ. ಮ್ಯಾಚ್ ರೈಫಲ್ ಒಂದಕ್ಕೆ ಎರಡು ಲಕ್ಷ ಮೇಲಾಗುತ್ತೆ, ಅದು ಖರೆ. ಆದರೆ ಒಂದು ರೈಫಲ್‌ನಲ್ಲಿ ಇಪ್ಪತ್ತು ಹುಡುಗರು ಸರದಿ ಹಚ್ಚಬಹುದು. ಚಿತ್ತಾಪುರದಲ್ಲೋ ಸೇಡಂನಲ್ಲೋ ಯಾರಾದರೂ ಮುಂದೆ ಬಂದರೆ ಉಸುಕಿನ ಪೆಟ್ಟಿಗೆ ನಾನೇ ಮಾಡಿಕೊಡ್ತೀನಿ.

ಈ ಸಲ ದೀಪಾವಳಿಗೆ ಮಾವನ ಮಗ ಬಂದಿದ್ದ, ಹೆಂಡತಿ ಮಕ್ಕಳ ಸಮೇತ. ನಾನು ರೈಫಲ್ ತೆಗೆದು ಒಳಗೆ ಇಟ್ಟಿದ್ದೆ, ಅವನು ಬರ್ತಾನೆ ಅಂದರೆ ಪ್ರತಿ ಸಲ ಇಡ್ತೀನಿ. ಮಗಳು ಬಾಯಿಬಿಟ್ಟಳು. ‘ಎಲ್ಲಿದೆಯೋ, ತೋರಸು’ ಅಂದ. ಮಾಳಿಗೆಗೆ ಹೋದೆವು. ಅವನು ಮೊದಲು ಪೆಟ್ಟಿಗೆ ಹತ್ತಿರ ಹೋಗಿ, ಉಸುಕಿನಲ್ಲಿ ಕೈ ಹಾಕಿ ನೋಡಿದ. ಗಾದಿ ಒತ್ತಿ ನೋಡಿದ. ಆಮೇಲೆ ನನ್ನ ಹಿಂದೆ ಬಂದು, ಕನ್ನಡಕ ಹಾಕ್ಕೊಂಡು ನಿಂತ. ನಾನು ರೈಫಲ್ ಚಾಚಿದೆ.

‘ನನಗ ಬ್ಯಾಡ. ನೀ ಹೊಡಿ, ನಾ ನೋಡ್ತೀನಿ’ ಅಂದ.

ಉಸಿರು ಅರ್ಧ ಬಿಟ್ಟೆ. ಕಡ್ಡಿ ನಿಲ್ಲಲಿಲ್ಲ. ಕೆಳಗಿಳಿಸಿದೆ. ಮತ್ತೆ ಎತ್ತಿದೆ, ನಿಲ್ಲಲಿಲ್ಲ. ಮೂರನೇ ಸಲ ಹೊಡೆದೆ. ಏಳು. ಎಡಕ್ಕೆ.

ಮಗಳು ಓಡಿ ಹೋಗಿ ಕಾಗದ ಕಿತ್ತುಕೊಂಡು ಬಂದು ಅವನ ಕೈಗೆ ಕೊಟ್ಟಳು. ಬೆಳಕಿಗೆ ಹಿಡಿದು ನೋಡಿದ, ತೂತಿನೊಳಗಿಂದ ನನ್ನ ಕಡೆ ನೋಡಿದ.

‘ಜಾತ್ರಿ ಬಂದೂಕೇ ಛಲೋ ಇತ್ತಲ್ಲೋ’ ಅಂದ. ‘ಇನ್ನೊಂದು ಹೊಡಿ.’